ದೊಡ್ಡವ್ವನ ಕೊಟ್ಟಿಗೆ ಚಿಕಿತ್ಸೆ

ನಮ್ಮ ದೊಡ್ಡವ್ವನಿಗೆ ಮನುಷ್ಯರಿಗಿಂತ ಎಮ್ಮೆಯ ಮೇಲೆ ನಂಬಿಕೆ ಹೆಚ್ಚು ಎಂದು ಗುಂಡ್ಲುಪೇಟೆಯ ಅವಳ ಬೀದಿಯವರು ಹೇಳುತ್ತಿದ್ದರು. ಅದು ಪೂರ್ತಿ ನಿಜವಲ್ಲ. ಗುಟ್ಟಿನ ವಿಷಯದಲ್ಲಿ ಅವಳು ಮನುಷ್ಯರನ್ನು ನಂಬುತ್ತಲೇ ಇರಲಿಲ್ಲ.

ದೊಡ್ಡವ್ವ ನನ್ನ ತಾಯಿಯ ಅಕ್ಕ. ಮಕ್ಕಳಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಕಾಳಿ ಎಂಬ ಒಂದು ಎಮ್ಮೆಯನ್ನು ಸಾಕಿಕೊಂಡು ಹಾಲು ಮೊಸರು ಮಾರುತ್ತಿದ್ದಳು. ಯಾರಾದರೂ ಮುಖ ಸಪ್ಪಗೆ ಮಾಡಿಕೊಂಡು ಮೊಸರಿಗೆ ಬಂದರೆ ಸಾಕು, ಚೊಂಬನ್ನು ಕೆಳಗಿಟ್ಟು ಕೊಟ್ಟಿಗೆಯತ್ತ ಕೈ ತೋರಿಸುತ್ತಿದ್ದಳು.

"ಓಗು, ಕಾಳಿಗೆ ಯೋಳ್ಬುಟ್ಟು ಬಾ. ಅವ್ಳು ಯಾರ್ಗೂ ಯೋಳಾಕಿಲ್ಲ."

ತಮಾಷೆಯಲ್ಲ. ಹೇಳದವರಿಗೆ ಮೊಸರಿಲ್ಲ. ಮದುವೆ ಗೊತ್ತಾಗಿ ಊಟ ಬಿಟ್ಟಿದ್ದ ಪಕ್ಕದ ಮನೆಯ ಹುಡುಗ ಒಂದು ದಿನ ಒಳಗೆ ಹೋದ. ಅವನು ಎದೆಯ ಭಾರವೆಲ್ಲ ಇಳಿಸುವ ಹೊತ್ತಿಗೆ ಸರಿಯಾಗಿ ಕಾಳಿ ಅವನ ಹೊಸ ಪಂಚೆಯ ಮೇಲೆ ಸೀನಿದಳಂತೆ. ನಗುತ್ತಾ ಹೊರಬಂದವನು ಎರಡು ಮುದ್ದೆ ತಿಂದ. ಕಡಲೆಕಾಯಿ ವ್ಯಾಪಾರಿಯೊಬ್ಬರು ಪಿಸುಮಾತಿನಲ್ಲಿ ಶುರುಮಾಡಿದಾಗ ದೊಡ್ಡವ್ವ ಹೊರಗಿನಿಂದಲೇ, "ಸ್ವಲ್ಪ ಜೋರಾಗಿ ಯೋಳಪ್ಪ, ಅವಳ್ಗೆ ಕಿವಿ ಮಂದ," ಎಂದಳು. ಅವರು ಜೋರಾಗಿಯೇ ಹೇಳಿದರು. ಕಾಳಿ ಆ ಮಾತನ್ನು ಯಾರಿಗೂ ಹೇಳಲಿಲ್ಲ. ಇಡೀ ಬೀದಿ ತಾನೇ ಕೇಳಿಸಿಕೊಂಡಿತ್ತು.

ದೊಡ್ಡವ್ವನನ್ನು ನೋಡಿ ನಗುತ್ತಿದ್ದವರಲ್ಲಿ ನಾನೂ ಒಬ್ಬಳು. ಐವತ್ತರ ದಶಕ ಅದು. ಚಾಮರಾಜನಗರದಲ್ಲಿ ಓದಿ, ಟ್ರೈನಿಂಗ್ ಮುಗಿಸಿ, ಇಪ್ಪತ್ತೊಂದನೇ ವಯಸ್ಸಿಗೆ ಭೀಮನಬೀಡಿನ ಶಾಲೆಗೆ ಮೇಡಂ ಆಗಿ ಬಂದಿದ್ದೆ. ದೊಡ್ಡವ್ವನ ಮನೆಯಲ್ಲಿದ್ದುಕೊಂಡು ದಿನವೂ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಓದಿದ ಹೆಣ್ಣುಮಗಳು ಎಮ್ಮೆಯ ಜೊತೆ ಮಾತಾಡುವುದುಂಟೇ?

ಆದರೆ ನನಗೆ ಏನೋ ಆಗತೊಡಗಿತು. ಶಾಲೆಯ ಗಂಟೆ ಹೊಡೆದರೆ ಎದೆಯೂ ಹೊಡೆದುಕೊಳ್ಳುತ್ತಿತ್ತು. ಬೋರ್ಡಿನ ಮುಂದೆ ನಿಂತು ಬರೆಯಲು ಹೋದರೆ ಸೀಮೆಸುಣ್ಣ ಮುರಿಯುತ್ತಿತ್ತು. ಅನ್ನ ಸೇರುತ್ತಿರಲಿಲ್ಲ. ಡಾಕ್ಟರು ಎದೆಯ ಮೇಲೆ ಕೊಳವೆಯಿಟ್ಟು ಕೇಳಿ, "ಏನೂ ಆಗಿಲ್ಲ, ಧೈರ್ಯವಾಗಿರಿ," ಎಂದು ಟಾನಿಕ್ ಕೊಟ್ಟರು. ಟಾನಿಕ್ಕೇನೋ ಸೀಸೆಯಲ್ಲಿತ್ತು, ಧೈರ್ಯವನ್ನು ಎಲ್ಲಿಂದ ತರುವುದು?

ಅಷ್ಟರಲ್ಲಿ ಹೆಡ್‌ಮಾಸ್ತರರು, ಇನ್ನು ಹತ್ತು ದಿನಕ್ಕೆ ಇನ್ಸ್‌ಪೆಕ್ಟರು ಪಾಠ ನೋಡಲು ಬರುತ್ತಾರೆ ಎಂದರು. ಅವತ್ತು ಸಂಜೆಯೇ ರಾಜೀನಾಮೆ ಬರೆದೆ. ದೊಡ್ಡವ್ವನಿಗೆ ಓದು ಬರದು. ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಏನಮ್ಮಿ ಇದು?"

"ಕೆಲಸ ಬಿಡ್ತೀನಿ ಅಂತ ಬರ್ದಿದ್ದೀನಿ."

"ಬುಡುವಂತೆ. ಮೊದ್ಲು ಕಾಳಿಗೆ ಓದು. ಆಮೇಲೆ ಕಾಪಿ."

ಕಾಫಿಯ ಆಸೆಗೆ ಹೋದೆನೆಂದೇ ಇಟ್ಟುಕೊಳ್ಳಿ. ಕೊಟ್ಟಿಗೆಯಲ್ಲಿ ನಿಂತು "ಮಾನ್ಯರೇ" ಎಂದು ಓದಿದೆ. ಕಾಳಿ ಗಂಭೀರವಾಗಿ ನನ್ನತ್ತ ತಿರುಗಿದಳು. ಕಾಗದದಲ್ಲಿ ಇದ್ದದ್ದು ನಾಲ್ಕೇ ಸಾಲು. ಆದರೆ ಬಾಯಿ ನಿಲ್ಲಲಿಲ್ಲ. ಹುಡುಗರು ನಗುತ್ತಾರೆ, ಇನ್ಸ್‌ಪೆಕ್ಟರು ಹೆಂಗಸರಿಗೆ ಈ ಕೆಲಸವಲ್ಲ ಅನ್ನುತ್ತಾರೆ, ನೆಂಟರನ್ನೆಲ್ಲ ಎದುರುಹಾಕಿಕೊಂಡು ಓದಿಸಿದ ಅಪ್ಪ ತಲೆ ತಗ್ಗಿಸಬೇಕಾಗುತ್ತದೆ ಎಂದೆಲ್ಲ ಹೇಳಿದೆ. ಅಪ್ಪನ ಮಾತು ಬಂದಾಗ ಅಳು ಬಂತು. ನನ್ನ ಭಯ ಇನ್ಸ್‌ಪೆಕ್ಟರದ್ದಲ್ಲ, ಅಪ್ಪನ ತಲೆ ತಗ್ಗೀತೆಂಬುದು ಎಂದು ನನಗೆ ತಿಳಿದದ್ದೇ ಆಗ. ಕಾಳಿ ಮೆಲುಕು ಹಾಕುತ್ತಿದ್ದಳು. ಸಮಾಧಾನ ಹೇಳಲಿಲ್ಲ, ಧೈರ್ಯವಾಗಿರು ಅನ್ನಲೂ ಇಲ್ಲ.

ಹೊರಗೆ ಬಂದಾಗ ದೊಡ್ಡವ್ವ ಲೋಟ ಹಿಡಿದು ಕಾಯುತ್ತಿದ್ದಳು. ಕಾಫಿ ಕುಡಿಸಿ, ಕೆರೆಯ ಏರಿಯ ಮೇಲೆ ನಡೆಸಿಕೊಂಡು ಹೋಗಿ, ಬಂದ ಮೇಲೆ ಬಿಸಿ ಮುದ್ದೆ ಸೊಪ್ಪಿನ ಸಾರು ಬಡಿಸಿದಳು. "ಕಾಗ್ದ ನಾಳೆ ಕೊಡುವಂತೆ," ಎಂದಳು. ಮರುದಿನವೂ ಅದನ್ನೇ ಅಂದಳು. ದಿನವೂ ಕೊಟ್ಟಿಗೆಗೆ ಹೋಗಿ ಅದೇ ಭಯವನ್ನು ಹೇಳಿ ಹೇಳಿ ಆರನೆಯ ದಿನದ ಹೊತ್ತಿಗೆ ನನಗೇ ಬೇಸರ ಬಂತು. ಕಾಳಿಗಂತೂ ನಿದ್ದೆಯೇ ಹತ್ತಿತ್ತು.

ಇನ್ಸ್‌ಪೆಕ್ಟರು ಬಂದರು. ಹಿಂದಿನ ಬೆಂಚಿನಲ್ಲಿ ಕುಳಿತರು. ನಾನು ಸೀಮೆಸುಣ್ಣ ಹಿಡಿದು ಮಕ್ಕಳತ್ತ ತಿರುಗಿದೆ. ಕೊಟ್ಟಿಗೆಯ ಅಭ್ಯಾಸ ನೋಡಿ, ಬಾಯಿಂದ ತಾನಾಗಿ ಮಾತು ಬಂದುಬಿಟ್ಟಿತು: "ಮಕ್ಕಳೇ, ನನಗೆ ಇವತ್ತು ತುಂಬಾ ಹೆದರಿಕೆಯಾಗ್ತಿದೆ."

ಮುಂದೆ ಕುಳಿತಿದ್ದ ಒಬ್ಬ ಹುಡುಗಿ ಮೆಲ್ಲಗೆ, "ನಮ್ಗೂವೆ ಮೇಡಮ್ಮೋರೆ," ಎಂದಳು. ಇನ್ಸ್‌ಪೆಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು.

"ನನಗೂ ಅಷ್ಟೇ ಕಣಮ್ಮ. ಮುಂದಿನ ವಾರ ನನ್ನ ಕೆಲಸ ನೋಡೋಕೆ ನನ್ನ ಮೇಲಿನವರು ಬರ್ತಾರೆ."

ಎಲ್ಲರೂ ನಕ್ಕರು. ಆ ನಗುವಿನಲ್ಲೇ ನಾನು ಬೋರ್ಡಿಗೆ ತಿರುಗಿದೆ. ಗೋಪಾಲಸ್ವಾಮಿ ಬೆಟ್ಟದ ನೆತ್ತಿಯಲ್ಲಿ ಮಂಜು ಏಕೆ ಕೂರುತ್ತದೆ ಎಂದು ಶುರುಮಾಡಿದವಳು ಮೋಡ, ಮಳೆ, ಹಳ್ಳ, ಕೆರೆ ಎಲ್ಲವನ್ನೂ ದಾಟಿದೆ. ಒಂದು ಸೀಮೆಸುಣ್ಣವೂ ಮುರಿಯಲಿಲ್ಲ. ಗಂಟೆ ಹೊಡೆದದ್ದು ಹುಡುಗರಿಗೂ ಕೇಳಿಸಲಿಲ್ಲ, ನನಗೂ ಕೇಳಿಸಲಿಲ್ಲ. "ಇಂಥ ಪಾಠವನ್ನು ಈಚೆಗೆ ನೋಡಿರಲಿಲ್ಲ," ಎಂದು ಇನ್ಸ್‌ಪೆಕ್ಟರು ಪುಸ್ತಕದಲ್ಲಿ ಬರೆದು ಹೋದರು.

ನಾನು ಮನೆ ಸೇರಿ ಸುದ್ದಿ ಹೇಳಿದ ಅರ್ಧ ಗಂಟೆಯಲ್ಲಿ ಅದು ಬೀದಿಯ ಕೊನೆ ಮುಟ್ಟಿತ್ತು. ಆದರೆ ಮುಟ್ಟುವಾಗ ಸ್ವಲ್ಪ ಬೆಳೆದಿತ್ತು. "ನಮ್ ಕೂಸ ನೋಡಿ ಇನ್ಸ್‌ಪೆಟ್ರೇ ಎದ್ರುಬುಟ್ರಂತೆ ಕಣ," ಎಂದು ದೊಡ್ಡವ್ವ ಬಾಗಿಲು ಬಾಗಿಲಿಗೂ ಹೇಳಿಬಂದಿದ್ದಳು. ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ. ರಾಜೀನಾಮೆ ಒಲೆಗೆ ಹೋಯಿತು, ಅದೇ ಒಲೆಯ ಮೇಲೆ ಪಾಯಸವಾಯಿತು.

ಉಂಡು ಜಗಲಿಯಲ್ಲಿ ಕುಳಿತಾಗ ಗೆದ್ದ ಗತ್ತಿನಲ್ಲಿ ಅವಳನ್ನು ಕೆಣಕಿದೆ. "ಊರವರನ್ನೆಲ್ಲ ಕೊಟ್ಟಿಗೆಗೆ ಕಳಿಸ್ತೀಯಲ್ಲ ದೊಡ್ಡವ್ವ, ಇದೆಲ್ಲ ನಿನಗೆ ಯಾರು ಕಲಿಸಿದ್ರು?"

ಅವಳು ಎಲೆಗೆ ಸುಣ್ಣ ಸವರುತ್ತಿದ್ದವಳು ಕೈ ನಿಲ್ಲಿಸಿದಳು.

"ನಿಮ್ ದೊಡ್ಡಪ್ಪ ತೀರ್ಕಂಡ್ಮೇಲೆ ನಂಗೂ ಇಂಗೇ ಎದೆ ಒಡ್ಕೊಳದು ಕಣಮ್ಮಿ. ಒಂದ್ ವರ್ಸ ಒಸ್ಲು ದಾಟ್ಲಿಲ್ಲ. ಯಾರ್ಗ ಯೋಳ್ಲಿ? ಮನೇಲಿ ಉಸ್ರಾಡೋದು ಅಂತ ಇದ್ದದ್ದು ಕಾಳಿ ಒಬ್ಳೇಯ."

"ಈಗಲೂ ಹಾಗಾಗುತ್ತಾ?" ಎಂದೆ.

"ಆಯ್ತದ. ನೀನು ಬೆಳಗ್ಗೆ ಬಸ್ ಅತ್ತಿದ್ಮೇಲೆ ಆಯ್ತದ."

ನಾನು ಅವಳ ಹತ್ತಿರಕ್ಕೆ ಸರಿದು ಕುಳಿತು ಆ ಒರಟು ಕೈಯನ್ನು ಹಿಡಿದುಕೊಂಡೆ. "ನನಗೆ ಹೇಳು ದೊಡ್ಡವ್ವ," ಎಂದೆ. ಅವಳು ಎಲೆಯನ್ನು ಪಕ್ಕಕ್ಕಿಟ್ಟಳು. ಆಮೇಲೆ, ಮೊದಲ ಸಲ, ಕಾಳಿಗಲ್ಲದೆ ಮನುಷ್ಯರಿಗೆ ಹೇಳತೊಡಗಿದಳು. ನಾನು ಸಮಾಧಾನ ಹೇಳಲು ಹೋಗಲಿಲ್ಲ. ಮುಗಿಯುವವರೆಗೂ ಸುಮ್ಮನೆ ಕೇಳಿದೆ.