ಮಳಖೇಡದ ಮಹಾರಾಣಿಯ ತಾಲೀಮು

೧೯೯೮ರ ಆಗಸ್ಟ್ ತಿಂಗಳಲ್ಲಿ, ಸೇಡಂ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ, ಹತ್ತನೆಯ ತರಗತಿಯ ಸುಜಯ ಎಂಬ ವಿದ್ಯಾರ್ಥಿ ಏಳು ಸಲ ಹೊಡೆತ ತಿಂದನು. ಈ ಸಂಖ್ಯೆಯ ಬಗ್ಗೆ ಯಾರದೂ ತಕರಾರಿರಲಿಲ್ಲ.

ಕಾರಣವೂ ಎಲ್ಲರಿಗೂ ತಿಳಿದದ್ದೇ. ಅವನ ನಡಿಗೆ ಮೆಲ್ಲಗೆ, ಮಾತು ಮೃದು. ತನ್ನ ಮನಸ್ಸು ಹುಡುಗಿಯರತ್ತ ಹೋಗದೆ ಹುಡುಗರತ್ತಲೇ ಹೋಗುತ್ತದೆಂದು ಅವನು ಒಬ್ಬ ಗೆಳೆಯನಿಗೆ ನಂಬಿ ಹೇಳಿದ್ದನು. ಗೆಳೆಯ ಅದನ್ನು ಮರುದಿನದ ಪ್ರಾರ್ಥನೆಗೆ ಮೊದಲೇ ಇಡೀ ಶಾಲೆಗೆ ತಲುಪಿಸಿದನು. ಅಂದಿನಿಂದ ಅವನು ‘ಸುಜಯಾಬಾಯಿ’. ಹೊಡೆಯುವ ಸ್ಥಳ ನೀರಿನ ಟಾಕಿಯ ಹಿಂಭಾಗ.

ಅವನ ತಾಯಿ ಸರಸ್ವತಿಬಾಯಿ ಮುಖ್ಯಗುರು ಹನುಮಂತರಾಯರ ಮುಂದೆ ನಿಂತರು.

“ಹಿಂಗೇ ಆದ್ರ ನನ್ನ ಮಗ ಸಾಲಿ ಬಿಡ್ತಾನ್ರಿ. ಹಾಜರಿ ಕಮ್ಮಿ ಆದ್ರ ಪರೀಕ್ಷಾಕ್ಕ ಕೂಡಸ್ತೀರೇನು?”

“ಇಲ್ರಿ. ಎಪ್ಪತ್ತೈದು ಪರ್ಸೆಂಟ್ ಬೇಕೇ ಬೇಕು. ಕಾಯ್ದೆ ಅದ.”

“ಹೊಡೀಬಾರದು ಅಂತ ಕಾಯ್ದೆ ಇಲ್ಲೇನ್ರಿ?”

“ಹುಡುಕಸ್ತೀನ್ರಿ.”

ಹುಡುಕಲು ಸಮಿತಿ ರಚನೆಯಾಯಿತು. ಹನುಮಂತರಾಯರು ಅಧ್ಯಕ್ಷರು, ದೈಹಿಕ ಶಿಕ್ಷಕ ಸಾಯಬಣ್ಣ ಸದಸ್ಯರು. ಏಳೂ ಪ್ರಕರಣಗಳನ್ನು ಸಮಿತಿಯು ಕೂಲಂಕಷವಾಗಿ ಪರಿಶೀಲಿಸಿತು. ಹೊಡೆದವರು ಪ್ರತಿ ಸಲವೂ ಬೇರೆಬೇರೆ. ಏಳೂ ಸಲ ಸ್ಥಳದಲ್ಲಿ ತಪ್ಪದೆ ಹಾಜರಿದ್ದವನು ಸುಜಯ ಒಬ್ಬನೇ. ಆದಕಾರಣ ಅವನಿಂದ ಮುಚ್ಚಳಿಕೆ ಬರೆಸಿಕೊಳ್ಳಲಾಯಿತು: “ಇನ್ನು ಮುಂದೆ ನಾನು ಯಾರಿಂದಲೂ ಹೊಡೆಸಿಕೊಳ್ಳುವುದಿಲ್ಲ. ಹೊಡೆಸಿಕೊಂಡಲ್ಲಿ ಶಿಸ್ತುಕ್ರಮಕ್ಕೆ ಬದ್ಧನಾಗಿರುತ್ತೇನೆ.”

ಮೂರನೆಯ ದಿನ ಸುಜಯ ಮುಚ್ಚಳಿಕೆಯನ್ನು ಉಲ್ಲಂಘಿಸಿದನು. ತುಟಿ ಒಡೆದಿತ್ತು. ಸಮಿತಿಗೆ ಬಹಳ ಬೇಸರವಾಯಿತು.

“ಬರಕೊಟ್ಟ ಮ್ಯಾಲೂ ಹೊಡಿಸಿಕೊಂಡಿಯಲ್ಲೋ?” ಎಂದರು ಸಾಯಬಣ್ಣ.

“ಅವ್ರು ಬರಕೊಟ್ಟಿಲ್ರಿ ಸರ್.”

“ಅವ್ರು ಯಾಕ ಬರಕೊಡಬೇಕು? ದೂರು ಕೊಟ್ಟಾಂವ ನೀನು!”

ನೆಲ ಒರೆಸುತ್ತಿದ್ದ ಆಯಾ ಅಮೀರ್ಬೀ ತಲೆಯೆತ್ತಿದಳು. ಗಂಟೆ ಬಾರಿಸುವ ಕೆಲಸವೂ ಅವಳದೇ. “ಸಾಬ್, ಹೋದ ವರ್ಷ ಸಾಲಿ ಗ್ಯಾದರಿಂಗ್‌ನಾಗ ಇದೇ ಪೋರ ಸೀರಿ ಉಟ್ಟು ರಾಣಿ ಪಾರ್ಟ್ ಮಾಡಿದ್ನಲ್ಲ? ಆವಾಗ ಇದೇ ಪೋರಗೋಳು ಸೀಟಿ ಹೊಡದು ಒನ್ಸ್ ಮೋರ್ ಅಂದ್ರು. ಒಬ್ಬನೂ ಕೈ ಎತ್ತಲಿಲ್ಲ.”

“ಅದು ಕಲಾ. ಕಲಾ ಬ್ಯಾರೆ, ಇದು ಬ್ಯಾರೆ,” ಎಂದರು ಸಾಯಬಣ್ಣ.

“ಫರಕ್ ಏನ್ರಿ?”

ಫರಕ್ ಏನೆಂಬುದನ್ನು ಸಮಿತಿಯು ಎರಡು ತಾಸು ಚರ್ಚಿಸಿ, ಪರದೆಯೊಳಗೆ ಕಲೆ, ಪರದೆಯ ಹೊರಗೆ ಅಶಿಸ್ತು ಎಂದು ನಡಾವಳಿ ಬರೆಯಿತು. ತಾಲೀಮು ಪರದೆಯೊಳಗಿನದೆಂದೇ ಒಪ್ಪಲಾಯಿತು. ತಾಲೀಮಿಗೆ ಸಮಯದ ಮಿತಿ ಯಾವ ನಿಯಮದಲ್ಲೂ ಇರಲಿಲ್ಲ. ಮರುದಿನ ಸೂಚನಾ ಫಲಕದಲ್ಲಿ ಹೀಗೆ ಪ್ರಕಟವಾಯಿತು:

“ಸುಜಯ ಎಂಬ ವಿದ್ಯಾರ್ಥಿಯು ‘ಮಳಖೇಡದ ಮಹಾರಾಣಿ’ ನಾಟಕದ ರಾಣಿ ಪಾತ್ರಕ್ಕೆ ಆಯ್ಕೆಯಾಗಿದ್ದು, ಬೆಳಗಿನ ಪ್ರಾರ್ಥನೆಯಿಂದ ಸಂಜೆಯ ಗಂಟೆಯವರೆಗೆ ತಾಲೀಮಿನಲ್ಲಿರುತ್ತಾನೆ. ಅವನ ನಡಿಗೆ, ಮಾತು ಹಾಗೂ ಮನಸ್ಸು ಪಾತ್ರಕ್ಕೆ ಸೇರಿದವು. ಅವನನ್ನು ಹೊಡೆಯುವುದು ನಾಟಕ ಸ್ಪರ್ಧೆಯಲ್ಲಿ ಶಾಲೆಗೆ ಬರಲಿರುವ ಕಪ್ಪನ್ನು ಒಡೆದಂತೆ.”

ದುಂಡು ಮೊಹರಿನ ಒಂದು ಚೀಟಿಯನ್ನು ಸುಜಯನ ಕಿಸೆಗೆ ಹಾಕಲಾಯಿತು. ಟಾಕಿಯ ಹಿಂದೆ ಸಹಪಾಠಿ ಅಶೋಕಕುಮಾರ ಕೈಯೆತ್ತಿದಾಗ ಸುಜಯ ಅದನ್ನು ತೋರಿಸಿದನು. ಅಶೋಕಕುಮಾರ ಪೂರ್ತಿ ಓದಿ ಕೈ ಇಳಿಸಿದನು.

“ಮೊದ್ಲೇ ಹೇಳಬಾರದೇನಲೇ? ನೀ ಖರೇನೇ ಹಂಗ ಅದಿ ಅಂತ ತಿಳಕೊಂಡಿದ್ದೆ.”

ಅಶೋಕಕುಮಾರ ಕಾಯ್ದೆ ಪಾಲಿಸುವ ಹುಡುಗ. ಸಂಜೆಯ ಗಂಟೆ ಬಾರಿಸುವವರೆಗೆ ಗೇಟಿನ ಬಳಿ ಕಾದನು. ಬಾರಿಸಿದ ಮೇಲೆ ಒಂದೇ ಒಂದು ಹೊಡೆದನು. ಸೂಚನೆಯಂತೆ ನಡೆದುಕೊಂಡದ್ದಕ್ಕೆ ಸಮಿತಿಯು ಅವನನ್ನು ಮೆಚ್ಚಬೇಕಾಯಿತು.

ಮರುದಿನ ಅಮೀರ್ಬೀ ಸಂಜೆಯ ಗಂಟೆ ಬಾರಿಸಲಿಲ್ಲ. ಕೇಳಿದರೆ, “ಕೈ ನೋಯಾಕತ್ತಾವ ಸಾಬ್,” ಎಂದಳು. ಅಶೋಕಕುಮಾರ ಕತ್ತಲಾಗುವವರೆಗೆ ಗೇಟಿನಲ್ಲಿ ನಿಂತು, ಹಸಿವಾಗಿ ಮನೆಗೆ ಹೋದನು. ಅವಳ ಕೈನೋವು ಮುಂದುವರಿಯಿತು. ಸುಜಯನ ಹಾಜರಿ ಏರಿತು.

ಆಮೇಲೆ ಅರ್ಜಿಗಳು ಬರತೊಡಗಿದವು. ಒಂಬತ್ತನೆಯ ತರಗತಿಯ ಉಮಾದೇವಿ ರಾಜನ ಪಾತ್ರ ಬೇಡಿದಳು. ರಾಣಿಯ ಕೈ ಹಿಡಿಯುವ ದೃಶ್ಯಕ್ಕೆ ಹೆಚ್ಚಿನ ತಾಲೀಮು ಬೇಕು, ರಾಣಿ ತನ್ನ ಗೆಳತಿ ಶುಭಾಳೇ ಆಗಬೇಕು ಎಂದು ಷರಾ ಬರೆದಳು. ಮಂಜೂರಾಯಿತು. ಡಿಸೆಂಬರ್ ಹೊತ್ತಿಗೆ ಮಳಖೇಡಕ್ಕೆ ಆರು ರಾಣಿಯರು, ಮೂವರು ರಾಜರು. ನಾಟಕವನ್ನು ಇನ್ನೂ ಯಾರೂ ಬರೆದಿರಲಿಲ್ಲ.

ಒಂದು ದಿನ ಸಾಯಬಣ್ಣ ಮುಖ್ಯಗುರುಗಳ ಕೋಣೆಯ ಬಾಗಿಲು ಮುಚ್ಚಿ, ಮೀಸೆ ತಿರುವುತ್ತ ಕೇಳಿದರು: “ಸರ್, ಮಾಸ್ತರ್ರಿಗೂ ಪಾರ್ಟ್ ಇರ್ತಾವೇನ್ರಿ?”

ಹನುಮಂತರಾಯರು ಅವರ ಮುಖ ನೋಡಲಿಲ್ಲ. ಮೊಹರು ಒತ್ತಿ ಚೀಟಿ ಕೊಟ್ಟರು.

ಪರೀಕ್ಷೆಗೆ ಒಂಬತ್ತು ದಿನವಿರುವಾಗ ಶಿಕ್ಷಣಾಧಿಕಾರಿಗಳು ತಪಾಸಣೆಗೆ ಬಂದರು. ಕಡತ ನೋಡಿ, “ನಾಟಕ ನಾಳೆನೇ ಆಡಸ್ರಿ, ನಾ ನೋಡೇ ಹೋಗ್ತೀನಿ,” ಎಂದರು.

ನಾಟಕ ಮುಗಿದರೆ ತಾಲೀಮು ಮುಗಿಯುತ್ತದೆ. ಮರುದಿನ ಬೆಳಿಗ್ಗೆ ಸುಜಯ ಬರಿ ಸುಜಯ. ಬಾಗಿಲಲ್ಲಿ ಅವನು ಕಿಸೆಯ ಮೇಲೆ ಕೈಯಿಟ್ಟು ನಿಂತಿದ್ದನು.

“ತಾಲೀಮು ಇನ್ನೂ ಪೂರ್ತಿ ಆಗಿಲ್ರಿ ಸಾಹೇಬ್ರ,” ಎಂದರು ಹನುಮಂತರಾಯರು.

“ಎಂದ ಆಗ್ತದ?”

“ಹೊಡಿಯೋರ್ದೂ ತಾಲೀಮು ಆಗಬೇಕಲ್ರಿ. ಅವ್ರು ಇನ್ನೂ ಸುರು ಮಾಡಿಲ್ಲ.”

ಅಧಿಕಾರಿಗಳು ಕಡತದಲ್ಲಿ ‘ಮುಂದುವರಿಸುವುದು’ ಎಂದು ಬರೆದು ಸಹಿ ಹಾಕಿದರು.

ಸುಜಯ ಪ್ರಥಮ ದರ್ಜೆಯಲ್ಲಿ ಪಾಸಾದನು. ವರ್ಗಾವಣೆ ಪತ್ರದ ನಡತೆಯ ಕಾಲಂನಲ್ಲಿ ಅವನಿಗೆ ‘ತಾಲೀಮಿನಲ್ಲಿದ್ದಾನೆ’ ಎಂದು ಬರೆದುಕೊಟ್ಟರು. ಅಶೋಕಕುಮಾರನಿಗೆ ‘ಉತ್ತಮ’.

೨೦೦೭ರಲ್ಲಿ ಹೊಸ ಮುಖ್ಯಗುರುಗಳು ಬಂದ ಮೊದಲ ದಿನವೇ ಸಂಜೆಯ ಗಂಟೆ ಬಾರಿಸಲು ಕೋಲೆತ್ತಿದರು. ಅಷ್ಟರಲ್ಲಿ ಸಾಯಬಣ್ಣ ಓಡಿಬಂದು ಅವರ ಕೈ ಹಿಡಿದರು.

“ಬ್ಯಾಡ್ರಿ ಸರ್. ತಾಲೀಮು ನಡದದ.”

“ಮತ್ತ ಮಕ್ಕಳು ಮನಿಗಿ ಹ್ಯಾಂಗ ಹೋಗ್ತಾವ್ರಿ?”

“ನೆಳ್ಳು ನೋಡಿ ಹೋಗ್ತಾವ್ರಿ.”

ಹೊಸಬರು ಅಂಗಳದ ನೆರಳು ನೋಡಿದರು. ಹೊತ್ತು ಸರಿಯಾಗಿಯೇ ಇತ್ತು. ಕೋಲನ್ನು ಕೆಳಗಿಟ್ಟರು.