ಗಲಗಲಿಯವರ ಚಾರ್ಜರ್ ಫೈಲು

ಧಾರವಾಡದ ಮಾಳಮಡ್ಡಿಯಲ್ಲಿರುವ ದತ್ತು ಗಲಗಲಿಯವರ ಮನೆಗೆ ಕರೆಂಟಿನ ಕಾರು ಬಂದ ದಿನವೇ ಒಂದು ಫೈಲೂ ಹುಟ್ಟಿತು. ಕಾರಿಗೆ ಕುಂಕುಮ ಹಚ್ಚಿ, ನಾಲ್ಕು ಗಾಲಿಗೆ ನಾಲ್ಕು ನಿಂಬೆಹಣ್ಣು ಬಲಿಕೊಟ್ಟು, ಷೋರೂಮಿನ ಡ್ರೈವರು ಪೇಢೆ ತಿಂದು ಹೋದ ಮೇಲೆ ದತ್ತು ಒಂದು ಕೀಲಿಯನ್ನು ಕಿಸೆಗೆ ಇಳಿಸಿದರು, ಇನ್ನೊಂದನ್ನು ದೇವರ ಮುಂದಿಟ್ಟರು. ಆಮೇಲೆ ಹೆಂಡತಿ ಸುಲಭಾರತ್ತ ತಿರುಗಿ ಆಜ್ಞೆ ಹೊರಡಿಸಿದರು.

"ನೋಡು ಸುಲಭಾ, ಮನ್ಯಾಗ ಚಾರ್ಜರ್ ಕೂಡೋತನಕ ಈ ಗಾಡಿ ಒಂದು ಹೆಜ್ಜಿ ಸೈತ ಸರಿಯಂಗಿಲ್ಲ. ಹೆಂಗರೆ ಹಂಗ ಚಾರ್ಜ್ ಮಾಡಿದ್ರ ಬ್ಯಾಟರಿ ಆಯುಷ್ಯ ಕಮ್ಮಿ ಆಗ್ತದ."

"ಯಾರು ಹೇಳಿದ್ರು?"

"ಎಲ್ಲಾರೂ ಹೇಳ್ತಾರ."

(ದತ್ತು ಅವರ 'ಎಲ್ಲಾರೂ' ಎಂದರೆ ಮೊಬೈಲಿನಲ್ಲಿ ನೋಡಿದ ಎರಡು ವಿಡಿಯೊ ಮತ್ತು ಪಕ್ಕದ ಮನೆಯ ಸಿದ್ದಪ್ಪ.)

ಕಾರು ಕೊಂಡದ್ದೇ ಸುಲಭಾರ ಸಲುವಾಗಿ. ವಾರಕ್ಕೆ ಮೂರು ದಿನ ಅವರು ಹುಬ್ಬಳ್ಳಿಯ ಬೆಂಗೇರಿಗೆ ಹೋಗಿ ಹದಿನಾರು ಮಂದಿ ಹೆಣ್ಣುಮಕ್ಕಳಿಗೆ ಸಂಗೀತ ಕಲಿಸುತ್ತಿದ್ದರು. ಕಂಠ ಅವರದು ಎಷ್ಟು ಹಗುರವೋ ಹಾರ್ಮೋನಿಯಂ ಪೆಟ್ಟಿಗೆ ಅಷ್ಟೇ ಭಾರ. ಅದನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು, ಕಂಡಕ್ಟರನ ಕಣ್ಣು ತಪ್ಪಿಸಿ, ಇಳಿದ ಮೇಲೆ ಹೆಗಲಿಗೇರಿಸಿ ನಡೆದು ನಡೆದು ಅವರ ಬಲತೋಳು ಮೇಲೇಳದಂತಾಗಿತ್ತು. ಹೋದ ಬೇಸಿಗೆಯಲ್ಲಿ ಹಟ ಹಿಡಿದು ಡ್ರೈವಿಂಗ್ ಕಲಿತು ಲೈಸೆನ್ಸ್ ತೆಗೆಸಿದ್ದರು. ಈಗ ಮನೆಯ ಮುಂದೆ ಕಾರು ನಿಂತಿದೆ, ಅದರ ಮುಂದೆ ಗಂಡ ನಿಂತಿದ್ದಾರೆ.

"ಮುಂದಿನ ತಿಂಗಳತನಾ ನೋಡ್ತೀನ್ರಿ. ಆಮ್ಯಾಲ ಬೆಂಗೇರಿ ಕ್ಲಾಸ್ ಬಂದ್. ಈ ತೋಳು ಇನ್ನ ಬಸ್ಸಿಗೆ ತಡ್ಯಂಗಿಲ್ಲ," ಎಂದರು ಸುಲಭಾ.

"ತಿಂಗಳು ಯಾಕ ಬೇಕು? ವಾರದಾಗ ಮುಗಸ್ತೀನಿ!" ಎಂದರು ದತ್ತು. ಖರೇನೇ ಹಾಗೆ ನಂಬಿದ್ದರು ಪಾಪ.

ಆದರೆ ದತ್ತು ಇಪ್ಪತ್ತಾರು ವರ್ಷ ಒಂದು ಕಾಲೇಜಿನ ಕಚೇರಿಯಲ್ಲಿ ಖರೀದಿ ವಿಭಾಗ ನೋಡಿಕೊಂಡು ಬಂದವರು. ಬೆಂಚಿರಲಿ ಬಕೆಟ್ಟಿರಲಿ, ಮೂರು ಕೊಟೇಶನ್, ಒಂದು ತುಲನಾತ್ಮಕ ತಖ್ತೆ, ಅದರ ಮೇಲೆ ಟಿಪ್ಪಣಿ, ಟಿಪ್ಪಣಿಯ ಮೇಲೆ ಷರಾ, ಇಷ್ಟಾಗದೆ ಅವರ ಕೈಯಿಂದ ಕಸಬರಿಗೆ ಕೂಡ ಕಾಲೇಜಿನ ಹೊಸ್ತಿಲು ದಾಟಿದ್ದಿಲ್ಲ. ಅಂಥವರು ಸ್ವಂತ ಕಾರಿನ ಚಾರ್ಜರನ್ನು ಸುಮ್ಮನೆ ಅಂಗಡಿಗೆ ಹೋಗಿ ತಂದಾರೆಯೇ? ಗುಲಾಬಿ ಬಣ್ಣದ ಫೈಲು ತೆರೆದರು. ಮೇಲೆ ದಪ್ಪ ಅಕ್ಷರದಲ್ಲಿ 'ವಿಷಯ: ವಿದ್ಯುತ್ ವಾಹನಕ್ಕೆ ಗೃಹ ಚಾರ್ಜರ್ ಆಯ್ಕೆ ಕುರಿತು' ಎಂದು ಬರೆದರು. ಪುಟಗಳಿಗೆ ನಂಬರು ಹಾಕಿದರು. ಇನ್ನು ಮುಂದೆ ಈ ವಿಷಯದಲ್ಲಿ ಬಾಯಿಮಾತು ನಡೆಯುವುದಿಲ್ಲ, ಏನಿದ್ದರೂ ಲಿಖಿತವಾಗಿ ಫೈಲಿನ ಮುಖಾಂತರ ಬರಬೇಕೆಂದು ಹೆಂಡತಿಗೆ ತಿಳಿಸಿದರು.

"ಒಗ್ಗರಣಿ ಹಾಕೂದನ್ನೂ ಬರದ ಕೊಡ್ಲೇನ್ರಿ?"

"ಚಾರ್ಜರ್ ಸಂಬಂಧ ಇದ್ದದ್ದು ಅಷ್ಟಽ."

ಮೊದಲನೆಯ ಅಭಿಪ್ರಾಯ ಸಿದ್ದಪ್ಪನವರದು. ಹತ್ತಿ ವ್ಯಾಪಾರದ ಕುಳ, ಮಾತೂ ಹತ್ತಿಮೂಟೆಯಂತೆ ಯಾವಾಗಲೂ ಅಂಡಿಗೆ ಲೆಕ್ಕದಲ್ಲಿ. ಚಹಾ ಹೀರುತ್ತ ಹೇಳಿದರು: "ಗಲಗಲಿಯವ್ರ, ಕರೆಂಟ್ ಅಂದ್ರ ಮೂರು ಫೇಸ್ ನೋಡ್ರಿ. ಒಂದು ಫೇಸ್ ಬರೇ ಬಲ್ಬ್ ಹತ್ತಸಾಕ. ಶಿರಗುಪ್ಪಿಯೊಳಗ ನಮ್ಮ ಹೊಲದ ಪಂಪಿಗೇ ಮೂರು ಫೇಸ್ ಐತಿ. ನಿಮ್ಮ ಕಾರು ಪಂಪಿಗಿಂತ ಕಡಿಮಿ ಏನ್ರಿ?"

ಕಾರಿನ ಮಾನಕ್ಕೆ ಬಂದ ಈ ಪ್ರಶ್ನೆ ದತ್ತು ಅವರ ಎದೆಗೆ ನಾಟಿತು. ಹನ್ನೊಂದು ಕಿಲೋವ್ಯಾಟಿನ, ಗೋಡೆಗೆ ಹಾಕುವ, ನೀಲಿ ದೀಪ ಮಿನುಗುವ ಚಾರ್ಜರಿನ ಚಿತ್ರವನ್ನು ಛಾಪಿಸಿ ಫೈಲಿಗೆ ಸೇರಿಸಿದರು. ಅದರ ಹಿಂದೆ ಏಳು ಕಿಲೋವ್ಯಾಟಿನದು ಬಂತು. ಅದರ ಹಿಂದೆ ಮೊಬೈಲಿನಿಂದ ಹೊತ್ತು ಗೊತ್ತು ಮಾಡುವಂಥದು, ಆಮೇಲೆ ಮಳೆಗೆ ಜಗ್ಗದ್ದು, ಆಮೇಲೆ ಇಂಗ್ಲಿಷಿನಲ್ಲಿ ಶುಭೋದಯ ಹೇಳುವಂಥದು.

ಎರಡನೆಯ ಅಭಿಪ್ರಾಯ ಜರೀನಾ ಅವರದು. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಸಣ್ಣದೊಂದು ಇಲೆಕ್ಟ್ರಿಕಲ್ ಅಂಗಡಿ ಇಟ್ಟ ಲೈಸೆನ್ಸಿನ ಗುತ್ತಿಗೆದಾರರು. ಸುಲಭಾರ ಕ್ಲಾಸಿನ ಹದಿನಾರು ಮಂದಿಯಲ್ಲಿ ಅವರೂ ಒಬ್ಬರು. ಬಂದವರೇ ಚಪ್ಪಲಿ ಬಿಟ್ಟು, ಕೂಡದೆ, ಚಹಾ ಕೇಳದೆ ನೆಟ್ಟಗೆ ಮೀಟರ್ ಬೋರ್ಡಿನ ಮುಂದೆ ನಿಂತರು. ಒಂದು ಸ್ಕ್ರೂ ಬಿಚ್ಚಿ ನೋಡಿದರು. ಹಿತ್ತಲಿಗೆ ಹೋಗಿ ಹಳೆಯ ಅರ್ಥಿಂಗ್ ಗುಂಡಿಯ ಮಣ್ಣನ್ನು ಚಿವುಟಿ ನೋಡಿ, "ಒಣಗಿ ಹೋಗೈತ್ರಿ ಇದು," ಎಂದರು. ಕೆಲಸ ಬಲ್ಲವರ ಕೈ ಎಲ್ಲಿ ಮುಟ್ಟಬೇಕೋ ಅಲ್ಲಷ್ಟೇ ಮುಟ್ಟುತ್ತದೆ. ದತ್ತು ಕೂಡ ಒಂದು ಕ್ಷಣ ಪೆನ್ನು ಮರೆತು ನೋಡುತ್ತ ನಿಂತರು.

"ಸರ, ಗಾಡಿ ದಿನಾ ಎಷ್ಟು ದೂರ ಹೋಗ್ತೈತ್ರಿ?"

"ಹುಬ್ಬಳ್ಳಿಗೆ ಹೋಗಿ ಬರೂದು. ನಲ್ವತ್ತು, ನಲ್ವತ್ತೈದು ಕಿಲೋಮೀಟರ್."

"ಹಂಗಾರ ದೊಡ್ಡದು ಏನೂ ಬ್ಯಾಡ್ರಿ. ನಿಮ್ಮ ಗಾಡಿ ಮನಿ ಕರೆಂಟ್ ತಾಸಿಗೆ ಮೂರು ಚಿಲ್ಲರೆ ಯೂನಿಟ್ಟಿಗಿಂತ ಹೆಚ್ಚು ತಗೊಳ್ಳೂದಿಲ್ರಿ. ಗ್ವಾಡಿ ಮ್ಯಾಲ ಎಂಥಾ ಡಬ್ಬಿ ಹಾಕಿದ್ರೂ ಅದು ತಗೊಳ್ಳೂದು ಅಷ್ಟಽ. ಲೋಡ್ ಹೆಚ್ಚು ಮಾಡಸಾಕ ಒಂದು ಅರ್ಜಿ ಕೊಡೂಣು. ಮೀಟರಿನಿಂದ ಬ್ಯಾರೇ ದಪ್ಪ ವಾಯರ್ ಎಳೀತೇನಿ, ಹೊಸಾ ಅರ್ಥಿಂಗ್ ಮಾಡ್ತೇನಿ, ಹದಿನೈದು ಆಂಪಿಯರ್ ಪ್ಲಗ್ ಹಾಕ್ತೇನಿ. ಕಾರಿನ ಜೋಡಿ ಬಂದ ಕೇಬಲ್ ಚುಚ್ಚಿದ್ರ ಎರಡೂವರಿ ತಾಸಿನ್ಯಾಗ ಹುಬ್ಬಳ್ಳಿ ಖರ್ಚು ತುಂಬಿ ಬರ್ತೈತ್ರಿ."

"ಅಷ್ಟಽ?"

"ಅಷ್ಟಽ ರೀ."

ದತ್ತು ಫೈಲಿನಲ್ಲಿ ಬರೆದರು: 'ತಾಂತ್ರಿಕ ಅಭಿಪ್ರಾಯ ಅತಿ ಸರಳವಾಗಿದೆ. ಆದ ಕಾರಣ ಹೆಚ್ಚಿನ ಪರಿಶೀಲನೆ ಅಗತ್ಯ.' ಅಡಿಗೆಮನೆಯ ಬಾಗಿಲಲ್ಲಿ ನಿಂತ ಸುಲಭಾ ಎಲ್ಲವನ್ನೂ ಕೇಳಿಸಿಕೊಂಡರು. ಏನೂ ಅನ್ನಲಿಲ್ಲ. ಮೂವತ್ತು ವರ್ಷ ಸಂಸಾರ ಮಾಡಿದ ಗಂಡಸಿಗೆ, ಹೆಂಡತಿ ಏನೂ ಅನ್ನದಿದ್ದಾಗ ಎಚ್ಚರಾಗಬೇಕಿತ್ತು.

ಪರಿಶೀಲನೆ ಶುರುವಾಯಿತು. ದತ್ತು ಬೆಳಿಗ್ಗೆ ಚಹಾದೊಂದಿಗೆ ವಿಡಿಯೊ ನೋಡುವರು, ಸುಲಭಾ ಅದೇ ಹೊತ್ತಿಗೆ ಫೈಲಿನ ಕಾಗದಗಳನ್ನು ತಂದು ಇಡುವರು. "ಇಲ್ಲೊಂದು ಸಹಿ ಬೇಕ್ರಿ. ಇಲ್ಲೊಂದು. ಇದು ಲೋಡಿನ ಅರ್ಜಿ, ಹೆಂಗೂ ಬೇಕಾಗ್ತದಂತ." ಪೆನ್ಸಿಲಿನಿಂದ ಗುಣಾಕಾರದ ಗುರುತು ಹಾಕಿದ ಕಡೆ 'ಮಂಜೂರು' ಎಂದು ಬರೆದು ಸಹಿ ಮಾಡುವುದು ದತ್ತು ಅವರಿಗೆ ಉಸಿರಾಟದಷ್ಟು ಸಹಜ. ಕಣ್ಣು ಮೊಬೈಲಿನಲ್ಲಿ, ಕೈ ಕಾಗದದಲ್ಲಿ. ಒಂಬತ್ತೂವರೆಗೆ ಸ್ಕೂಟರ್ ಏರಿ ಆಫೀಸಿಗೆ ಹೋದರೆ ಬರುವುದು ಆರಕ್ಕೆ. ಬಂದವರೇ ಹೊದಿಕೆಯ ಮೇಲಿಂದ ಕಾರಿನ ಬೆನ್ನು ತಟ್ಟಿ, "ಇನ್ನ ಸ್ವಲ್ಪ ತಡಿಯವಾ," ಎನ್ನುವರು.

ವಾರ ಎರಡಾಯಿತು, ಎರಡು ಆರಾಯಿತು. ಆಶ್ಚರ್ಯವೆಂದರೆ ಸುಲಭಾ ಬಸ್ಸಿನ ಸುದ್ದಿ ಎತ್ತುವುದನ್ನೇ ಬಿಟ್ಟಿದ್ದರು. ತೋಳಿನ ನೋವೂ ಇಳಿದಂತಿತ್ತು. ಅಡಿಗೆಮನೆಯಿಂದ ಮಧ್ಯಾಹ್ನದ ರಾಗವೊಂದು ಸಂಜೆಗೂ ಹೊರಗೆ ಬರುತ್ತಿತ್ತು.

"ನೋಡ್ದ್ಯಾ, ಬಸ್ಸಿನವ್ರು ಈಗೀಗ ಭಾಳ ಸುಧಾರಿಸ್ಯಾರ," ಎಂದರು ದತ್ತು ಒಂದು ದಿನ.

"ಹೌದ್ರಿ, ಭಾಳ ಛಲೋ ಆಗೇದ. ಕೂಡ್ಲಿಕ್ಕೆ ಸೀಟು, ತಂಪು ಗಾಳಿ. ಧಕ್ಕಿ ಅಂಬೂದೇ ಇಲ್ಲ."

ಕಾರಿನ ಹೊದಿಕೆಯ ಮೇಲೆ ಒಂದು ಚಿಟಿಕೆ ಧೂಳಿರಲಿಲ್ಲ. ಹೆಂಡತಿಯ ಕಾಳಜಿ ಕಂಡು ದತ್ತು ಅವರಿಗೆ ಕಣ್ಣು ತುಂಬಿ ಬಂತು. (ಇದನ್ನು ಬರೆಯುವಾಗ ನಮಗೂ ಬರುತ್ತದೆ, ಕಾರಣ ಬೇರೆ.)

ನಲವತ್ತಾರನೆಯ ದಿನ ತಖ್ತೆ ಮುಗಿಯಿತು. ಅಡ್ಡ ಹದಿನಾಲ್ಕು ಅಂಕಣ, ಉದ್ದ ಒಂಬತ್ತು ಚಾರ್ಜರು. ಕೊನೆಯ ಅಂಕಣ, 'ವಾಹನವು ನಿಜವಾಗಿ ಸ್ವೀಕರಿಸುವ ವಿದ್ಯುತ್ತು'. ದತ್ತು ಕಾರಿನ ಪುಸ್ತಕ ತೆರೆದು ತುಂಬಿಸುತ್ತ ಹೋದರು. ಹನ್ನೊಂದು ಕಿಲೋವ್ಯಾಟಿನದರ ಮುಂದೆ ಮೂರು ಪಾಯಿಂಟ್ ಮೂರು. ಏಳರದರ ಮುಂದೆ ಮೂರು ಪಾಯಿಂಟ್ ಮೂರು. ಶುಭೋದಯ ಹೇಳುವಂಥದರ ಮುಂದೆಯೂ ಅದೇ. ಪೆನ್ನು ನಿಂತಿತು. ದತ್ತು ಎದ್ದು ನಿಂತರು. ಅವರ ಮುಖದ ಮೇಲೆ ಜ್ಞಾನೋದಯವಾಗಿತ್ತು.

"ಸುಲಭಾ! ಸಿದ್ದಪ್ಪನವ್ರ! ಎಲ್ಲಾರೂ ಬರ್ರಿ! ಈ ದೊಡ್ಡ ಚಾರ್ಜರ್ ಎಲ್ಲಾ ನಮಗ ವ್ಯರ್ಥ. ಹದಿನೈದು ಆಂಪಿಯರ್ ಪ್ಲಗ್ ಒಂದು ಸಾಕು! ಇದನ್ನ ನಾ ಲೆಕ್ಕಾ ಹಾಕಿ ಹುಡುಕಿ ತಗದೀನಿ!"

"ಅಯ್ಯ, ಖರೇನೇನ್ರಿ?" ಎಂದರು ಸುಲಭಾ, ಕೆನ್ನೆಗೆ ಕೈಹಚ್ಚಿ.

ಮಾರನೆಯ ಶನಿವಾರ ರಜೆ ಹಾಕಿ ದತ್ತು ಕಾರಿನ ಮುಂದೆ ಸಜ್ಜಾಗಿ ನಿಂತರು. ಸಿದ್ದಪ್ಪ ತೆಂಗಿನಕಾಯಿ ಹಿಡಿದು ಬಂದರು. ದತ್ತು ಹೇಳಿ ಕಳಿಸಿದಂತೆ ಹತ್ತು ಗಂಟೆಗೆ ಸರಿಯಾಗಿ ಜರೀನಾ ಬಂದರು. ಕೈಯಲ್ಲಿ ಸಾಮಾನಿನ ಚೀಲ ಇರಲಿಲ್ಲ, ಹಾಡಿನ ವಹಿ ಇತ್ತು.

"ಬರ್ರಿ ಬರ್ರಿ. ಜರೀನಾ ಬಾಯಿಯವರಽ, ನಿಮ್ಮ ಅಭಿಪ್ರಾಯ ಬರೋಬ್ಬರಿ ಇತ್ತು ಅಂತ ಸಿದ್ಧ ಆಗೇದ. ಹದಿನೈದು ಆಂಪಿಯರ್ ಪ್ಲಗ್ ಮಂಜೂರು ಮಾಡೀನಿ. ಹಾಕ್ರಿ!"

ಜರೀನಾ ದತ್ತು ಅವರ ಮುಖ ನೋಡಿದರು, ಸುಲಭಾರ ಮುಖ ನೋಡಿದರು. "ಹಾಕೇನಲ್ರೀ ಸರ. ಒಂದು ತಿಂಗಳ ಮ್ಯಾಲಾತು. ಮತ್ತೊಂದು ಬೇಕೇನ್ರಿ?"

ಕಾರಿನ ಹಿಂದೆ, ಮೆಟ್ಟಿಲ ಸಂದಿಯಲ್ಲಿ, ಅಚ್ಚುಕಟ್ಟಾದ ಬಿಳಿ ಪೆಟ್ಟಿಗೆ. ಮುಚ್ಚಳ ಎತ್ತಿದರೆ ಒಳಗೆ ಪ್ಲಗ್ಗು, ಪಕ್ಕದಲ್ಲಿ ಸುರಳಿ ಸುತ್ತಿ ತೂಗುಹಾಕಿದ ಕೇಬಲ್ಲು. ಹಿತ್ತಲಲ್ಲಿ ಹೊಸ ಅರ್ಥಿಂಗ್ ಗುಂಡಿ, ಅದಕ್ಕೆ ದಿನವೂ ನೀರು ಹಾಕಿದ ಗುರುತು. ದತ್ತು ಹೊದಿಕೆ ಸರಿಸಿ, ಒಳಗೆ ಕೂತು, ಕಾರು ಚಾಲೂ ಮಾಡಿದರು. ಬಂದ ದಿನ ಇಪ್ಪತ್ತಮೂರು ಕಿಲೋಮೀಟರ್ ಓಡಿತ್ತು, ಅದು ಫೈಲಿನ ಮೊದಲ ಪುಟದಲ್ಲೇ ದಾಖಲಾಗಿತ್ತು. ಈಗ ಏಳುನೂರಾ ಹನ್ನೆರಡು ತೋರಿಸುತ್ತಿತ್ತು.

"ಸುಲಭಾ! ಯಾರ ಪರವಾನಗಿಲೆ ಇದು?"

ಸುಲಭಾ ಫೈಲು ತೆರೆದು ಮೂವತ್ತೊಂದನೆಯ ಪುಟ ಹಿಡಿದರು. 'ತಾಂತ್ರಿಕ ಅಭಿಪ್ರಾಯದಂತೆ ಹದಿನೈದು ಆಂಪಿಯರ್ ಪ್ಲಗ್ ಹಾಕಿಸಿಕೊಂಡು, ಅಂತಿಮ ತೀರ್ಮಾನ ಆಗುವವರೆಗೆ ತಾತ್ಕಾಲಿಕವಾಗಿ ವಾಹನವನ್ನು ಸಂಗೀತ ತರಗತಿಗೆ ಉಪಯೋಗಿಸಲು ಮಂಜೂರಾತಿ ಕೋರಿದೆ.' ಕೆಳಗೆ ದತ್ತು ಅವರದೇ ದುಂಡನೆಯ ಅಕ್ಷರ: 'ಮಂಜೂರು.' ಸಹಿ. ತಾರೀಖು.

ಸಿದ್ದಪ್ಪ ಕಾಯಿಯನ್ನು ಬೆನ್ನ ಹಿಂದೆ ಮರೆಮಾಡಿಕೊಂಡರು. ದತ್ತು ಆ ಪುಟವನ್ನು ಮೂರು ಸಲ ಓದಿದರು. ಸಿಟ್ಟು ಬರಬೇಕಿತ್ತು. ಬಂದದ್ದು ನಾಚಿಕೆ, ಅದರ ಬೆನ್ನಿಗೇ ಇನ್ನೊಂದು, ತಡೆಯಲಾಗದ್ದು. ಇಪ್ಪತ್ತಾರು ವರ್ಷದಲ್ಲಿ ಇಷ್ಟು ಚೊಕ್ಕ ಟಿಪ್ಪಣಿಯನ್ನು ಅವರ ವಿಭಾಗದಲ್ಲಿ ಒಬ್ಬರೂ ಬರೆದಿರಲಿಲ್ಲ. ಒಂದು ಶಬ್ದ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಎಂಥ ಹೆಂಗಸು ಇವಳು ಎಂದು ಮನಸ್ಸು ತುಂಬಿ ಬಂತು.

"ನನಗೊಂದು ಮಾತು ಹೇಳಬಾರದಿತ್ತೇನು?"

"ಹೇಳೂದಿತ್ರಿ. ಆದ್ರ ನೀವು ಎಷ್ಟು ಖುಷೀಲೆ ಫೈಲ್ ನಡಸ್ಲಿಕ್ಕತ್ತಿದ್ರಿ! ಹೇಳಿದ್ರ ಅದು ಅವತ್ತಽ ಮುಗದ ಹೋಗ್ತಿತ್ತು. ಮನಸ್ಸಾಗ್ಲಿಲ್ಲ," ಎಂದು ಸುಲಭಾ ಗಡಿಯಾರ ನೋಡಿದರು. "ಸರೀರಿ, ಹನ್ನೊಂದಕ್ಕ ಕ್ಲಾಸ್ ಅದ."

"ನಾನಽ ಬಿಟ್ಟು ಬರ್ತೀನಿ ತಡಿ."

"ನೀವು ಆ ಕಡೆ ಕೂಡ್ರಿ."

ದತ್ತು ಆ ಕಡೆ ಕೂತರು. ಜರೀನಾ ಹಿಂದೆ ಕೂತರು. ಓಣಿಯಲ್ಲಿ ಎರಡು ಕಡೆ ಸ್ಕೂಟರು, ನಡುವೆ ಮಲಗಿದ ಆಕಳು. ಸುಲಭಾ ಒಂದೇ ಉಸುರಿಗೆ ಹಿಂದಕ್ಕೆ ತೆಗೆದು, ಆಕಳ ನಿದ್ದೆ ಕೆಡಿಸದೆ ತಿರುಗಿಸಿ ಹೊರಟೇ ಬಿಟ್ಟರು. ಲಾರಿಗಳ ನಡುವೆ ಅವಸರವಿಲ್ಲ, ಅಂಜಿಕೆಯಿಲ್ಲ. ದತ್ತು ದಾರಿ ನೋಡುವುದು ಬಿಟ್ಟು ಹೆಂಡತಿಯ ಕೈಯನ್ನೇ ನೋಡುತ್ತ ಕೂತರು. ನವನಗರ ದಾಟಿದ್ದು ಅವರಿಗೆ ಗೊತ್ತೇ ಆಗಲಿಲ್ಲ.

ಬೆಂಗೇರಿಯಲ್ಲಿ ಕ್ಲಾಸು ಮೂರನೆಯ ಮಹಡಿ. ದತ್ತು ಯಾರೂ ಹೇಳುವ ಮೊದಲೇ ಹಾರ್ಮೋನಿಯಂ ಪೆಟ್ಟಿಗೆಯನ್ನು ಹೆಗಲಿಗೇರಿಸಿದರು. ಮೊದಲ ಮಹಡಿಗೆ ಬೆವರು, ಎರಡನೆಯದಕ್ಕೆ ಏದುಸಿರು. ಈ ಭಾರ ಹೊತ್ತು ಇವಳು ಇಷ್ಟು ವರ್ಷ ಬಸ್ಸು ಹತ್ತಿದಳೇ ಎಂದುಕೊಳ್ಳುತ್ತ ಪೆಟ್ಟಿಗೆಯನ್ನು ಇನ್ನೊಂದು ಹೆಗಲಿಗೆ ಬದಲಿಸಿದರು. ಮೇಲೆ ಬಾಗಿಲಲ್ಲಿ ನಿಂತಿದ್ದ ವಯಸ್ಸಾದ ಶಿಷ್ಯೆಯೊಬ್ಬರು ಇವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಹಿಂದೆ ಬರುತ್ತಿದ್ದ ಸುಲಭಾರನ್ನು ಕೇಳಿದರು.

"ಬಾಯಾರ, ಪೆಟ್ಟಿಗಿ ಹೊರಾಕ ಹೊಸಾ ಮನಷ್ಯಾನ್ನ ಇಟ್ಕೊಂಡ್ರೇನ್ರಿ?"

ಸುಲಭಾ ಬಾಯಿ ತೆರೆಯುವಷ್ಟರಲ್ಲಿ ದತ್ತು ಪೆಟ್ಟಿಗೆಯನ್ನು ಹಗುರಾಗಿ ಚಾಪೆಯ ಮೇಲಿಳಿಸಿ, ಬೆವರೊರೆಸಿಕೊಂಡು, ಎರಡೂ ಕೈ ಜೋಡಿಸಿದರು.

"ಹೌದ್ರಿ ಅವ್ವಾರ. ಇವತ್ತಽ ಕೆಲಸಕ್ಕ ಹಾಜರಾಗೀನಿ."