ಗುಬುಗುಬು ಎಂದರೆ ನಮಸ್ಕಾರವಲ್ಲ

ಏಳೆಂಟು ದೇಶಗಳಲ್ಲಿ ಬಿಡಾರ ಹೂಡಿ ಕಿತ್ತವಳು ನಾನು. ಹೋದಲ್ಲೆಲ್ಲ ಮೊದಲು ಅಲ್ಲಿನ ನಮಸ್ಕಾರ ಕಲಿತೆ. ಒಂದೂ ನನ್ನ ಮರ್ಯಾದೆ ಕಳೆಯಲಿಲ್ಲ. ಆ ಕೆಲಸವನ್ನು ಮತ್ತೆ ಮತ್ತೆ ಮಾಡಿದ್ದು ಕೇಶ್ವಾಪುರದ ಮನೆಯ ಮಾಳಿಗೆಯ ಮೇಲೆ ಕೂತು ನಾನೂ ತಂಗಿಯೂ ಕಟ್ಟಿದ ಭಾಷೆ. ಇದ್ದದ್ದೇ ಮೂರು ಮಾತು. "ಲಿಂಬೋ ಟಕ್ಕು?" ಅಂದರೆ ಹೇಗಿದ್ದೀ. "ಟಕ್ಕು ಝೀ" ಅಂದರೆ ಎಲ್ಲಾ ಛಲೋ. "ಗುಬುಗುಬು" ಅಂದರೆ, ಬಂದವರು ಏಳೂ ಹಂಗ ಕಾಣೂದಿಲ್ಲ.

ಕಾಕುವಿನ ನಮಸ್ಕಾರ

ಎದುರುಮನೆಯ ಕಾಕು "ಬರ್ತೇನವಾ" ಎಂದು ಎದ್ದ ಮೇಲೂ ಹೊಸ್ತಿಲಲ್ಲಿ ನಿಂತು ಇನ್ನೊಂದು ತಾಸು ಮಾತಾಡುವವರು. ಒಂದು ದಿನ ತಂಗಿ ತಾಳಲಾರದೆ ಅವರೆದುರೇ "ಗುಬುಗುಬು" ಅಂದುಬಿಟ್ಟಳು.

"ಏನಂದೀ?"

"ನಮ್ಮ ಭಾಷಾದಾಗ ನಮಸ್ಕಾರ ರೀ, ಕಾಕು."

"ನಿಮ್ಮವ್ವ ಎಷ್ಟು ಛಂದ ಬೆಳಸ್ಯಾಳ ನಿಮ್ಮನ್ನ!" ಎಂದು ಕಾಕು ನೆಟಿಗೆ ಮುರಿದರು.

ಮರುದಿನದಿಂದ ಬಾಗಿಲಲ್ಲೇ ಕೈಮುಗಿದು, "ಗುಬುಗುಬು" ಎಂದು ಸಾರಿಯೇ ಒಳಬರುತ್ತಿದ್ದರು. ಆಡಿದ ಮಾತಿಗೆ ಒಂದು ದಿನವೂ ತಪ್ಪಲಿಲ್ಲ.

ಅವ್ವನ ಫೋನು

ಪರದೇಶದ ಬಾಡಿಗೆ ಮನೆಯಲ್ಲಿ ನನ್ನ ಜೊತೆಗಿದ್ದವಳು, ನಾನು ಫೋನಿನಲ್ಲಿ ತಂಗಿಯೊಡನೆ ಆಡುವುದನ್ನು ಕೇಳಿ ಕೇಳಿ, ಅದೇ ಕನ್ನಡ ಎಂದುಕೊಂಡಿದ್ದಳು. ನಾನು ಸ್ನಾನಕ್ಕೆ ಹೋದಾಗ ಅವ್ವನ ಫೋನು ಬಂತು. ಇವಳು ಎತ್ತಿದವಳೇ ಠೀವಿಯಿಂದ, "ಲಿಂಬೋ ಟಕ್ಕು?" ಅಂದಳು.

ಸೋಪಿನ ಕೈಯಲ್ಲೇ ಓಡಿ ಬಂದೆ. ಇಪ್ಪತ್ತು ವರ್ಷ ಅರ್ಥ ಹೇಳದೆ ಅವ್ವನಿಂದ ಮುಚ್ಚಿಟ್ಟ ಗುಟ್ಟು!

ಸ್ಪೀಕರಿನಲ್ಲಿ ಅವ್ವ ಒಂದು ಗಳಿಗೆಯೂ ತಡೆಯಲಿಲ್ಲ: "ಟಕ್ಕು ಝೀ, ನನ್ನವ್ವಾ. ಆಕಿ ಉಂಡಾಳೇನು?"

ಶಿರಾದ ತಾಟು

ತಂಗಿಯನ್ನು ನೋಡಲು ಧಾರವಾಡದಿಂದ ಬರುವವರಿದ್ದರು. ವರ ಅದೇ ಕಾಕುವಿನ ಅಕ್ಕನ ಮಗ. ತಂಗಿಗೆ ಹೆದರಿಕೆ, ಹಿರಿಯರೆಲ್ಲ ಕೂತಲ್ಲಿ ಬ್ಯಾಡ ಅನ್ನುವುದು ಹೇಗೆ?

"ಅಕ್ಕಾ, ನನಗ ಮನಸ್ಸಿಗೆ ಬರಲಿಲ್ಲಂದ್ರ ಗುಬುಗುಬು ಅಂತೇನಿ. ನೀ ಹೊಟ್ಟಿನೋವು ಅಂತ ದೊಪ್ಪನ ಬಿದ್ದುಬಿಡು. ಲಗೂ ಎದ್ದು ಹೋಗ್ತಾರ."

ಈ ಬೀಳುವ ಕೆಲಸಕ್ಕೆಂದೇ ಎರಡು ವಿಮಾನ ಬದಲಿಸಿ ಬಂದಿದ್ದೆ.

ವರ ಒಳಬಂದ. "ಆ ಮನ್ಯಾಗ ಹೀಂಗಂದ್ರ ಭಾಳ ಖುಷಿ ಪಡ್ತಾರ" ಎಂದು, ಕರೆತರಲು ಧಾರವಾಡಕ್ಕೆ ಹೋಗಿದ್ದ ಕಾಕು ದಾರಿಯುದ್ದಕ್ಕೂ ಕಲಿಸಿಕೊಂಡು ಬಂದಿದ್ದರಂತೆ. ಪಾಪ, ತಂಗಿಗೆ ಕೈಮುಗಿದು, ಗಟ್ಟಿಯಾಗಿ, "ಗುಬುಗುಬು ರೀ" ಅಂದ.

ನಾನು ಶಿರಾದ ತಾಟಿನ ಸಮೇತ ದೊಪ್ಪನೆ ಬಿದ್ದೆ.

ಎಲ್ಲರೂ ನೀರಿಗೆ ಓಡಿದರು. ತಂಗಿ ಕಿವಿಯ ಹತ್ತಿರ ಬಗ್ಗಿ, "ಏ, ಏಳ! ಅಂದಾಂವ ಅಂವ, ನಾ ಅಲ್ಲ" ಅಂದಳು. ನಗು ತಡೆದು ತಡೆದು ಅವಳ ಮುಖ ಕೆಂಪಾಗಿತ್ತು. ಅತ್ತ ವರ, ಹೊಸ ಅಂಗಿಯ ತೋಳು ಏರಿಸಿ, ನೆಲದ ಮೇಲಿನ ಶಿರಾ ಬಳಿಯತೊಡಗಿದ್ದ. ತಂಗಿ ಅವನನ್ನೇ ನೋಡಿದಳು. ಆಮೇಲೆ ಮೆಲ್ಲಗೆ, "ಟಕ್ಕು ಝೀ" ಅಂದಳು.

ಮದುವೆಯಾದ ವಾರಕ್ಕೆ ಕೇಳಿದೆ: "ಗುಬುಗುಬು ಅಂದ್ರ ಏನಂತ ಅವಗ ಹೇಳಿದ್ಯೇನ?"

"ಹೇಳಿದೆ."

"ಏನಂದ?"

"ಮತ್ತ ಖರೇನ ಅಂದೇನಲ್ಲ, ನಾ ಏಳೂದಿಲ್ಲ, ಅಂದ."